ಕಡತದಿಂದ ಚೌಕಟ್ಟಿಗೆ: ಮೇಗುಂದ ಸೀಮೆಯ ದಾಖಲೆ ಪರಂಪರೆ ಮತ್ತು ಜಾವಾ ವೆಬ್ ತಂತ್ರಾಂಶ

ಕನ್ನಡದ 'ಕಡತ' ಎಂಬ ಪದವು ಮೂರು ಕಾಲಘಟ್ಟಗಳಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಹೆಸರಿಸಿದೆ. ಹುಣಸೆಬೀಜದ ಅಂಟಿಗೆ ಇದ್ದಿಲಿನ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಬಟ್ಟೆಯ ಪುಸ್ತಕ ಮೊದಲನೆಯದು. ಸರಕಾರಿ ಕಚೇರಿಯ ಮೇಜಿನ ಮೇಲೆ ದಾರ ಕಟ್ಟಿ ಇಟ್ಟ ಕಾಗದಗಳ ಕಟ್ಟು ಎರಡನೆಯದು. ಗಣಕಯಂತ್ರದೊಳಗೆ ಹೆಸರು ಕೊಟ್ಟು ಉಳಿಸಿಡುವ ದತ್ತಾಂಶದ ಘಟಕ ಮೂರನೆಯದು. ತಂತ್ರಾಂಶಗಳ ಕನ್ನಡ ಆವೃತ್ತಿಗಳಲ್ಲಿ 'ಫೈಲ್' ಎಂಬುದಕ್ಕೆ 'ಕಡತ' ಎಂಬ ಪದವೇ ರೂಢಿಗೆ ಬಂದಿದೆ. ವಸ್ತು ಬದಲಾದರೂ ಪದ ಉಳಿದುಕೊಂಡಿರುವುದು ಆಕಸ್ಮಿಕವಲ್ಲ. ಮೂರಕ್ಕೂ ಮಾಡುವ ಕೆಲಸ ಒಂದೇ: ಯಾವುದು ನೆನಪಿನಲ್ಲಿ ಉಳಿಯಬೇಕೋ ಅದನ್ನು ಒಂದು ಕ್ರಮಕ್ಕೆ ಒಳಪಡಿಸಿ ಇಡುವುದು.

ಬಟ್ಟೆಯ ಕಡತಗಳ ಅತ್ಯಂತ ಪ್ರಸಿದ್ಧ ಭಂಡಾರಗಳಲ್ಲೊಂದು ಮೇಗುಂದದ ನೆರೆಯ ಶೃಂಗೇರಿಯಲ್ಲಿದೆ. ಶೃಂಗೇರಿ ಮಠದ ಕಡತಗಳನ್ನೂ ಇತರ ದಾಖಲೆಗಳನ್ನೂ ಡಾ. ಎ.ಕೆ. ಶಾಸ್ತ್ರಿಯವರು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಅದಕ್ಕೂ ಮೊದಲು, 1916ರಲ್ಲಿ, ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಟಿಪ್ಪು ಸುಲ್ತಾನನು ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು ಇದೇ ಮಠದಲ್ಲಿ ಬೆಳಕಿಗೆ ತಂದಿದ್ದರು. ಕೊಪ್ಪ, ಶೃಂಗೇರಿ ಭಾಗದ ಶಾಸನಗಳು ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಕಡೂರು ಜಿಲ್ಲೆಗೆ ಮೀಸಲಾದ ಆರನೆಯ ಸಂಪುಟದಲ್ಲಿ 1901ರಲ್ಲಿಯೇ ಅಚ್ಚಾಗಿವೆ. ಹೀಗೆ ಶಿಲೆ, ತಾಮ್ರ, ಬಟ್ಟೆ, ಕಾಗದಗಳ ದಾಖಲೆ ಈ ಸೀಮೆಯಲ್ಲಿ ದಟ್ಟವಾಗಿದೆ. ಮೇಗುಂದವು ಕೊಪ್ಪ ತಾಲ್ಲೂಕಿನ ಹೋಬಳಿ. ಜಯಪುರ, ಬಸರೀಕಟ್ಟೆ ಮೊದಲಾದ ಊರುಗಳನ್ನೊಳಗೊಂಡ ಇದು ಅಡಿಕೆ, ಕಾಫಿ, ಕಾಡುಗಳ ಪ್ರದೇಶ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಡುವಿನ ಈ ಮಲೆನಾಡನ್ನು ಪ್ರಸ್ತುತ ಪ್ರಬಂಧದಲ್ಲಿ ಮೇಗುಂದ ಸೀಮೆ ಎಂದು ಕರೆಯಲಾಗಿದೆ.

ಕಡತದ ಮೂರನೆಯ ಅವಸ್ಥೆಯನ್ನು ಕುರಿತು ನಮ್ಮ ಜಾನಪದ ಅಧ್ಯಯನಗಳು ಹೆಚ್ಚು ಮಾತಾಡಿಲ್ಲ. ಅದು ತಂತ್ರಜ್ಞರ ವಿಷಯವೆಂದು ಬಿಟ್ಟಿರುವುದೇ ಕಾರಣ. ಆದರೆ ಪಹಣಿಯಿಂದ ಹಿಡಿದು ಜಾನಪದ ವಿಷಯದ ಪಿಎಚ್.ಡಿ. ಮಹಾಪ್ರಬಂಧದವರೆಗೆ ಎಲ್ಲವೂ ಇಂದು ಯಾವುದೋ ಒಂದು ವೆಬ್ ತಂತ್ರಾಂಶದ ಚೌಕಟ್ಟಿನೊಳಗೆ ಕುಳಿತೇ ಜನರನ್ನು ತಲುಪುತ್ತವೆ. ಆ ಚೌಕಟ್ಟುಗಳಲ್ಲಿ ಬಹು ದೊಡ್ಡ ಪಾಲು ಜಾವಾ ಎಂಬ ಗಣಕಭಾಷೆಯಲ್ಲಿ ಕಟ್ಟಿದಂಥವು. ಅಂಥದೊಂದನ್ನು ಬುಡದಿಂದ ನಿಲ್ಲಿಸುವುದೆಂದರೇನು, ಆ ಕ್ರಮ ಹೇಗೆ ಬೆಳೆದು ಬಂತು, ಮಲೆನಾಡಿನ ದಾಖಲೆ ಅದರೊಳಗೆ ಕುಳಿತಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಹೆಸರಿನ ಸುತ್ತ

1991ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಗೃಹೋಪಯೋಗಿ ಉಪಕರಣಗಳಿಗಾಗಿ ಒಂದು ಹೊಸ ಗಣಕಭಾಷೆಯನ್ನು ರೂಪಿಸತೊಡಗಿದರು. ಗಾಸ್ಲಿಂಗ್ ಅವರ ಕಚೇರಿಯ ಹೊರಗಿದ್ದ ಮರದ ಹೆಸರಿನಿಂದ ಅದಕ್ಕೆ ಮೊದಲು 'ಓಕ್' ಎಂದು ಕರೆದರು. ಆ ಹೆಸರಿನ ಹಕ್ಕು ಬೇರೊಂದು ಕಂಪನಿಯದಾಗಿದ್ದುದರಿಂದ ಬಿಡಬೇಕಾಯಿತು. ಕಾಫಿಯನ್ನು ನೆನಪಿಸುವ 'ಜಾವಾ' ಎಂಬ ಹೆಸರಿನಲ್ಲಿ 1995ರ ಮೇ 23ರಂದು ಭಾಷೆ ಲೋಕಕ್ಕೆ ಪ್ರಕಟವಾಯಿತು. ಹಬೆಯಾಡುವ ಕಾಫಿ ಬಟ್ಟಲು ಅದರ ಲಾಂಛನವಾಯಿತು. ಅದರಲ್ಲಿ ಮರುಬಳಕೆಗೆಂದು ಬರೆದಿಡುವ ಸಣ್ಣ ಘಟಕಕ್ಕೆ 'ಬೀನ್' ಎಂದು, ಅಂದರೆ ಕಾಫಿಬೀಜವೆಂದು, ಹೆಸರಿಟ್ಟರು.

ಕಾಫಿ ತೋಟಗಳ ಮೇಗುಂದದ ಓದುಗನಿಗೆ ಈ ಹೆಸರು ಪರಕೀಯವಾಗಬೇಕಿಲ್ಲ. ಬಾಬಾ ಬುಡನ್ ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನಿನಿಂದ ಏಳು ಕಾಫಿಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮನೆಮಾತು. ಜಾವಾ ದ್ವೀಪಕ್ಕೆ ಕಾಫಿ ಹೋದದ್ದು ಡಚ್ಚರ ಮೂಲಕ. ಅದು ಹೋದದ್ದು ಭಾರತದ ಮಲಬಾರ್ ಕರಾವಳಿಯಿಂದ. 1696ರಲ್ಲಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ, ಕಳಿಸಿದ ಸಸಿಗಳು ನೆರೆಯಲ್ಲಿ ಹಾಳಾದವು. 1699ರಲ್ಲಿ ಮತ್ತೆ ಕಳಿಸಿದವು ಬದುಕಿದವು. ಮಲಬಾರಿನ ಆ ಗಿಡ ಚಂದ್ರದ್ರೋಣದ ಬೀಜದ್ದೇ ಎಂಬುದು ಐತಿಹ್ಯವನ್ನೂ ದಾಖಲೆಯನ್ನೂ ಬೆಸೆಯುವ ಉತ್ಸಾಹದ ಮಾತಾದೀತೇ ಹೊರತು ಚರಿತ್ರೆಯಾಗಲಾರದು. ಆದರೆ ಕಾಫಿ ನಮ್ಮ ಪಶ್ಚಿಮ ಕರಾವಳಿಯಿಂದ ಜಾವಾಕ್ಕೆ ಹೋದುದಂತೂ ನಿಜ. ಗಣಕಲೋಕದವರು ಇದಾವುದನ್ನೂ ಬಲ್ಲವರಲ್ಲದಿದ್ದರೂ ಅವರ ನಾಮಕರಣ ಮತ್ತೆ ಅದೇ ಊರಿಗೆ ಹೋಗಿ ನಿಂತಿತು. ಜಾವಾದ ವೆಬ್ ಸಾಧನಗಳನ್ನು ಒಟ್ಟುಗೂಡಿಸಿದ ಅಪಾಚೆ ಸಂಸ್ಥೆಯ ಯೋಜನೆಗೆ 1999ರಲ್ಲಿ 'ಜಕಾರ್ತಾ' ಎಂದು ಹೆಸರಾಯಿತು. 2018ರಲ್ಲಿ ಜಾವಾದ ಉದ್ಯಮ ಆವೃತ್ತಿಗೇ 'ಜಕಾರ್ತಾ ಇಇ' ಎಂದು ಮರುನಾಮಕರಣವಾಯಿತು. ಇದು ಬರಿಯ ಚಮತ್ಕಾರವಲ್ಲ, ಹಣದ ವಿಷಯ. 2010ರಲ್ಲಿ ಸನ್ ಸಂಸ್ಥೆಯನ್ನು ಕೊಂಡ ಒರಾಕಲ್ ಕಂಪನಿಯು 'ಜಾವಾ' ಎಂಬ ಹೆಸರಿನ ಮೇಲಿನ ಹಕ್ಕನ್ನು ಬಿಟ್ಟುಕೊಡಲಿಲ್ಲ. 2020ರ ಒಂಬತ್ತನೆಯ ಆವೃತ್ತಿಯಿಂದ ಸಂಕೇತಗಳ ಪೂರ್ವಪದವನ್ನೇ ಬದಲಿಸಬೇಕಾಗಿ ಬಂದು, ಹಳೆಯ ತಂತ್ರಾಂಶಗಳೆಲ್ಲ ತಿದ್ದುಪಡಿಗೆ ಒಳಗಾದವು. ಎಡೆಹಳ್ಳಿಯು ನರಸಿಂಹರಾಜಪುರವಾಗಿ, ಬಳಿಕ ಜನರ ಬಾಯಲ್ಲಿ ಎನ್.ಆರ್. ಪುರವಾದ ಸೀಮೆಯಲ್ಲಿ ಹೆಸರು ಬದಲಾದರೆ ದಾಖಲೆಗೆ ಏನಾಗುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಭಾಗವತನ ಸ್ಥಾನ

ವೆಬ್ ತಂತ್ರಾಂಶವೆಂದರೆ ದೂರದಲ್ಲಿ ಕುಳಿತವನ ಕೋರಿಕೆಯನ್ನು ಸರ್ವರ್ ಗಣಕವು ಸ್ವೀಕರಿಸಿ, ತಕ್ಕ ಮಾಹಿತಿಯನ್ನು ಹುಡುಕಿ, ಪುಟದ ರೂಪದಲ್ಲಿ ಹಿಂತಿರುಗಿಸುವ ವ್ಯವಸ್ಥೆ. ಜಾವಾದಲ್ಲಿ ಈ ಕೆಲಸಕ್ಕೆ 'ಸರ್ವ್ಲೆಟ್' ಎಂಬ ಘಟಕ 1997ರಲ್ಲಿ ಬಂತು. ಆರಂಭದ ಸರ್ವ್ಲೆಟ್‌ಗಳಲ್ಲಿ ಎಲ್ಲವೂ ಬೆರೆತಿದ್ದವು. ಕೋರಿಕೆ ಓದುವುದು, ಲೆಕ್ಕ ಹಾಕುವುದು, ಪುಟದ ಅಂದಚಂದ ಬರೆಯುವುದು ಒಂದೇ ಬರಹದೊಳಗೆ ನಡೆಯುತ್ತಿತ್ತು. 1999ರಲ್ಲಿ ಬಂದ ಜೆಎಸ್‌ಪಿ ಪುಟಗಳು ಇದನ್ನು ತಿರುವುಮುರುವು ಮಾಡಿದವೇ ಹೊರತು ಬೇರ್ಪಡಿಸಲಿಲ್ಲ. ಪುಟದೊಳಗೇ ಲೆಕ್ಕ ನುಸುಳಿತು.

ಬೇರ್ಪಡಿಸುವ ವಿಚಾರ ಇದಕ್ಕಿಂತ ಹಳೆಯದು. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಎಂಬ ವಿಜ್ಞಾನಿ 1979ರಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ 'ಮಾಡೆಲ್, ವ್ಯೂ, ಕಂಟ್ರೋಲರ್' ಎಂಬ ಮೂರು ಪಾಲಿನ ವಿನ್ಯಾಸವನ್ನು ಸೂಚಿಸಿದ್ದರು. ವಿಷಯ, ಅದರ ತೋರಿಕೆ, ಇವೆರಡನ್ನೂ ನಡೆಸುವ ನಿಯಂತ್ರಕ ಎಂಬುದು ಇದರ ತಾತ್ಪರ್ಯ. ಯಕ್ಷಗಾನವನ್ನು ಬಲ್ಲವರಿಗೆ ಇದು ಅನಾಯಾಸವಾಗಿ ಅರ್ಥವಾಗುತ್ತದೆ. ಪ್ರಸಂಗದ ಪದ್ಯಗಳು ವಿಷಯ. ವೇಷ, ಕುಣಿತಗಳು ತೋರಿಕೆ. ಭಾಗವತನು ನಿಯಂತ್ರಕ. ಈ ಹೋಲಿಕೆ ಎಷ್ಟು ಗಟ್ಟಿ ಎಂಬುದನ್ನು ತಾಳಮದ್ದಳೆಯಿಂದ ಪರೀಕ್ಷಿಸಬಹುದು. ಮಳೆಗಾಲದಲ್ಲಿ ಮಲೆನಾಡಿನ ಮನೆಯ ಜಗಲಿಯಲ್ಲಿ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಆದರೂ ಅದೇ ಪ್ರಸಂಗ, ಅದೇ ಭಾಗವತ. ತೋರಿಕೆಯನ್ನು ಪೂರ್ಣವಾಗಿ ಕಳಚಿದರೂ ವಿಷಯಕ್ಕೆ ಕುಂದಿಲ್ಲ. ವೆಬ್ ತಂತ್ರಾಂಶದಲ್ಲಿ ಒಂದೇ ದತ್ತಾಂಶವನ್ನು ಗಣಕದ ಪುಟಕ್ಕೂ ಮೊಬೈಲಿಗೂ ಅಚ್ಚಿನ ಪ್ರತಿಗೂ ಒದಗಿಸಬೇಕಾದಾಗ ಬೇಕಾಗುವ ಗುಣ ಇದೇ.

ಕ್ರೇಗ್ ಮೆಕ್ಲನಹನ್ 2000ದಲ್ಲಿ ಆರಂಭಿಸಿ ಅಪಾಚೆ ಸಂಸ್ಥೆಗೆ ಒಪ್ಪಿಸಿದ 'ಸ್ಟ್ರಟ್ಸ್' ಎಂಬ ಚೌಕಟ್ಟು ಈ ವಿನ್ಯಾಸವನ್ನು ಜಾವಾ ವೆಬ್‌ಲೋಕದಲ್ಲಿ ರೂಢಿಗೆ ತಂದಿತು. ಸ್ಟ್ರಟ್ ಎಂದರೆ ಕಟ್ಟಡಕ್ಕೆ ಕೊಡುವ ಊರೆಗೋಲು. ಎಲ್ಲ ಕೋರಿಕೆಗಳೂ ಒಂದೇ ಹೆಬ್ಬಾಗಿಲಿಗೆ ಬಂದು, ಅಲ್ಲಿಂದ ತಕ್ಕ ಘಟಕಕ್ಕೆ ಹಂಚಿಕೆಯಾಗುವುದು ಅದರ ಪದ್ಧತಿ. ಚೌಕಟ್ಟು ಎಂಬ ಪರಿಕಲ್ಪನೆಯ ಹುರುಳು ಇಲ್ಲಿದೆ. ಸಾಮಾನ್ಯ ತಂತ್ರಾಂಶ ಸಂಗ್ರಹವನ್ನು ಬಳಸುವವನು ತಾನೇ ಕರೆಯುತ್ತಾನೆ. ಚೌಕಟ್ಟಿನಲ್ಲಿ ಇದು ಪಲ್ಲಟವಾಗಿ, ಚೌಕಟ್ಟೇ ಬರೆದವನ ಸಂಕೇತವನ್ನು ಸಮಯಕ್ಕೆ ಸರಿಯಾಗಿ ಕರೆಯುತ್ತದೆ. ವೇಷಧಾರಿ ತನಗೆ ತೋಚಿದಾಗ ರಂಗಕ್ಕೆ ಬರುವಂತಿಲ್ಲ. ಭಾಗವತನು ಪದ ಎತ್ತಿದಾಗ ಬರಬೇಕು, ಅವನು ಮುಗಿಸಿದ ಮೇಲೆ ಅರ್ಥ ಹೇಳಬೇಕು. ಹೇಳುವ ಮಾತು ಮಾತ್ರ ಅವನ ಸ್ವಂತದ್ದು, ಆಶು. ಸ್ವಾತಂತ್ರ್ಯ ಎಲ್ಲಿದೆ, ಕಟ್ಟು ಎಲ್ಲಿದೆ ಎಂಬುದನ್ನು ಚೌಕಟ್ಟು ಮೊದಲೇ ತೀರ್ಮಾನಿಸಿರುತ್ತದೆ.

ರಾಡ್ ಜಾನ್ಸನ್ 2002ರಲ್ಲಿ ಪ್ರಕಟಿಸಿದ ಗ್ರಂಥದ ಜೊತೆಗಿದ್ದ ಸುಮಾರು 30,000 ಸಾಲುಗಳ ಸಂಕೇತದಿಂದ ಹುಟ್ಟಿದ 'ಸ್ಪ್ರಿಂಗ್' ಚೌಕಟ್ಟಿನ ಮೊದಲ ಪೂರ್ಣ ಆವೃತ್ತಿ 2004ರ ಮಾರ್ಚ್‌ನಲ್ಲಿ ಹೊರಬಂತು. ಘಟಕವೊಂದಕ್ಕೆ ಬೇಕಾದ ಸಾಮಗ್ರಿಯನ್ನು ಅದೇ ಹುಡುಕಿಕೊಳ್ಳದೆ ಹೊರಗಿನಿಂದ ಪೂರೈಸುವುದು ಇದರ ವೈಶಿಷ್ಟ್ಯ. ಕಿರೀಟ, ಆಭರಣಗಳ ಪೆಟ್ಟಿಗೆ ಮೇಳದ್ದಾಗಿದ್ದು, ಚೌಕಿಯಲ್ಲಿ ಆಯಾ ವೇಷಕ್ಕೆ ಕೊಡುವ ಕ್ರಮವನ್ನು ಇದಕ್ಕೆ ಹೋಲಿಸಬಹುದು. ಕಲಾವಿದ ಬದಲಾದರೂ ಪೆಟ್ಟಿಗೆ ನಡೆಯುತ್ತದೆ. ಗೇವಿನ್ ಕಿಂಗ್ 2001ರಲ್ಲಿ ಆರಂಭಿಸಿದ 'ಹೈಬರ್ನೇಟ್' ದತ್ತಸಂಚಯದ ಕೋಷ್ಟಕಗಳಿಗೂ ಜಾವಾದ ಘಟಕಗಳಿಗೂ ನಡುವೆ ದುಭಾಷಿಯ ಕೆಲಸವನ್ನು ವಹಿಸಿಕೊಂಡಿತು. ಈ ಚರಿತ್ರೆಯ ಉಳಿದ ಕವಲುಗಳು ಇಲ್ಲಿ ಅಪ್ರಸ್ತುತ.

ಬುಡದಿಂದ ನಿಲ್ಲಿಸುವುದು

ಅಡಿಕೆ ಕೊಯ್ಲಿಗೆ ಮೊದಲು ಮಲೆನಾಡಿನ ಮನೆಯಂಗಳದಲ್ಲಿ ಚಪ್ಪರ ಏಳುತ್ತದೆ. ಕಂಬ ನೆಟ್ಟು, ಗಳು ಕಟ್ಟಿ, ಅಡಿಕೆ ಮರದ ದಬ್ಬೆ ಹಾಸುತ್ತಾರೆ. ಕಂಬದ ಗುಂಡಿಗಳು ಹೋದ ವರ್ಷದವೇ. ದಬ್ಬೆಗಳಲ್ಲಿ ಗಟ್ಟಿಯಾದವು ಮರಳಿ ಬಳಕೆಯಾಗುತ್ತವೆ. 'ಬುಡದಿಂದ' ಎನ್ನುವುದು ಹೀಗೆ ಸಾಪೇಕ್ಷವಾದ ಮಾತು. ಜಾವಾ ಚೌಕಟ್ಟನ್ನು ಬುಡದಿಂದ ನಿಲ್ಲಿಸುವವನೂ ಹಳೆಯ ಗುಂಡಿಗಳಲ್ಲೇ ಕಂಬ ನೆಡುತ್ತಾನೆ.

ಮೊದಲು ಜಾವಾದ ಅಭಿವೃದ್ಧಿ ಸಾಮಗ್ರಿಯನ್ನು ಗಣಕದಲ್ಲಿ ಸ್ಥಾಪಿಸಬೇಕು. ಬಳಿಕ ಸರ್ವ್ಲೆಟ್‌ಗಳನ್ನು ಹೊತ್ತು ನಡೆಸುವ ಪಾತ್ರೆ ಬೇಕು. ಸನ್ ಸಂಸ್ಥೆಯಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದು 1999ರಲ್ಲಿ ಅಪಾಚೆಗೆ ದಾನವಾದ 'ಟಾಮ್‌ಕ್ಯಾಟ್' ಇದಕ್ಕೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಮೂರನೆಯದು ಕಡತಗಳ ಜೋಡಣೆ. ಮೂಲ ಸಂಕೇತ ಒಂದು ಕಪಾಟಿನಲ್ಲಿ, ಪುಟಗಳು ಇನ್ನೊಂದರಲ್ಲಿ, ಹೊರಗಿನವರು ನೇರವಾಗಿ ನೋಡಲಾಗದ 'ವೆಬ್-ಇನ್ಫ್' ಎಂಬ ಒಳಕೋಣೆ ಮತ್ತೊಂದರಲ್ಲಿ ಇರಬೇಕು. ಆ ಒಳಕೋಣೆಯಲ್ಲಿರುವ 'ವೆಬ್ ಡಾಟ್ ಎಕ್ಸ್‌ಎಮ್‌ಎಲ್' ಎಂಬ ಕಡತದಲ್ಲಿ ಯಾವ ವಿಳಾಸದ ಕೋರಿಕೆ ಯಾವ ಸರ್ವ್ಲೆಟ್‌ಗೆ ಹೋಗಬೇಕೆಂದು ಬರೆಯಲಾಗುತ್ತದೆ. ಸ್ಪ್ರಿಂಗ್ ಪದ್ಧತಿಯಲ್ಲಾದರೆ ಎಲ್ಲವನ್ನೂ ಒಬ್ಬ 'ಡಿಸ್ಪ್ಯಾಚರ್'ಗೆ ಒಪ್ಪಿಸುವ ಒಂದೇ ಸಾಲು ಸಾಕು. ಬೇಕಾದ ಹೊರಗಿನ ಸಂಗ್ರಹಗಳನ್ನು ಪಟ್ಟಿ ಮಾಡಿಕೊಟ್ಟರೆ ತಾನೇ ತರಿಸಿ ಜೋಡಿಸುವ 'ಮೇವೆನ್' ಎಂಬ ಸಾಧನದ ಮೊದಲ ಆವೃತ್ತಿ 2004ರಲ್ಲಿ ಬಂತು. ಅದಕ್ಕೂ ಮೊದಲು ಪ್ರತಿ ಸಂಗ್ರಹವನ್ನು ಕೈಯಾರೆ ತಂದಿಡಬೇಕಾಗಿತ್ತು. ಒಂದರ ಆವೃತ್ತಿ ಇನ್ನೊಂದರೊಂದಿಗೆ ಹೊಂದದೆ ದಿನಗಟ್ಟಲೆ ಪರದಾಡುವುದು ಆ ಕಾಲದ ಸಾಮಾನ್ಯ ಅನುಭವ. 2014ರಲ್ಲಿ ಬಂದ 'ಸ್ಪ್ರಿಂಗ್ ಬೂಟ್' ಪಾತ್ರೆಯನ್ನೂ ತನ್ನೊಳಗೇ ಇಟ್ಟುಕೊಂಡು, ಈ ಸಿದ್ಧತೆಯ ಬಹುಪಾಲನ್ನು ಮರೆಮಾಡಿತು. ಅನುಕೂಲವೇನೋ ಆಯಿತು. ಆದರೆ ಒಳಗೆ ಯಾವ ಕಂಬ ಯಾವುದನ್ನು ಹೊತ್ತಿದೆ ಎಂಬ ತಿಳಿವಳಿಕೆ ಹೊಸ ತಲೆಮಾರಿನಲ್ಲಿ ತೆಳುವಾಯಿತೆಂದೂ ಹೇಳಬೇಕು.

ಆ ತಿಳಿವಳಿಕೆಯ ಬೆಲೆ 2017ರಲ್ಲಿ ಜಗತ್ತಿಗೆ ಗೊತ್ತಾಯಿತು. ಸ್ಟ್ರಟ್ಸ್‌ನ ಎರಡನೆಯ ತಲೆಮಾರಿನ ಚೌಕಟ್ಟಿನಲ್ಲಿದ್ದ ದೋಷವೊಂದಕ್ಕೆ ಪರಿಹಾರ ಪ್ರಕಟವಾಗಿದ್ದರೂ ಅದನ್ನು ಸಕಾಲದಲ್ಲಿ ಅಳವಡಿಸದ ಕಾರಣ, ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಾಲ ಮಾಹಿತಿ ಸಂಸ್ಥೆಯಿಂದ 14 ಕೋಟಿಗೂ ಹೆಚ್ಚು ಜನರ ಖಾಸಗಿ ವಿವರಗಳು ಕಳ್ಳರ ಪಾಲಾದವು. 2021ರ ಡಿಸೆಂಬರಿನಲ್ಲಿ 'ಲಾಗ್4ಜೆ' ಎಂಬ, ಬರಿಯ ದಿನಚರಿ ಬರೆಯುವ ಸಂಗ್ರಹದಲ್ಲಿ ಬಯಲಾದ ದೋಷ ಜಾವಾ ಬಳಸುವ ಲೆಕ್ಕವಿಲ್ಲದಷ್ಟು ವ್ಯವಸ್ಥೆಗಳನ್ನು ನಡುಗಿಸಿತು. ಚಪ್ಪರದ ಕಂಬವನ್ನು ಗೆದ್ದಲು ತಿಂದಿದೆಯೇ ಎಂದು ಪ್ರತಿವರ್ಷ ಗುದ್ದಿ ನೋಡುವವರಿಗೆ ಇದು ಆಶ್ಚರ್ಯವೆನಿಸದು.

ಅಕ್ಷರದ ಪ್ರಶ್ನೆ

ಕನ್ನಡಕ್ಕೆ ಸಂಬಂಧಿಸಿದಂತೆ ಚೌಕಟ್ಟಿನ ನಿಜವಾದ ಪರೀಕ್ಷೆ ಅಕ್ಷರದಲ್ಲಿದೆ. ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ಕಲ್ಪಿಸುವ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಜಾವಾ ಭಾಷೆ ಹುಟ್ಟಿನಿಂದಲೇ ತನ್ನ ಒಳಗಿನ ಅಕ್ಷರಗಳಿಗೆ ಯೂನಿಕೋಡನ್ನು ಅಂಗೀಕರಿಸಿತ್ತು. ಹಾಗಿದ್ದಮೇಲೆ ಜಾವಾ ವೆಬ್ ತಂತ್ರಾಂಶದಲ್ಲಿ ಕನ್ನಡ ಸಲೀಸಾಗಿ ಬರಬೇಕಿತ್ತು. ಬರಲಿಲ್ಲ. ಭಾಷೆಯ ಒಳಮನೆ ಬಹುಲಿಪಿಯದಾದರೂ ಬಾಗಿಲುಗಳು ಪಶ್ಚಿಮ ಯೂರೋಪಿನ ಲಿಪಿಗೆ ಮಾತ್ರ ತೆರೆದಿದ್ದವು. ಪುಟದ ನಮೂನೆಯಲ್ಲಿ 'ಮೇಗುಂದ' ಎಂದು ತುಂಬಿ ಕಳಿಸಿದರೆ, ಸರ್ವ್ಲೆಟ್ ಅದನ್ನು ಲ್ಯಾಟಿನ್ ಅಕ್ಷರಸಮೂಹವೆಂದು ಭಾವಿಸಿ ಓದುತ್ತಿತ್ತು. ದತ್ತಸಂಚಯಕ್ಕೆ ಸೇರುವಾಗ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿತ್ತು. 2001ರ ಸರ್ವ್ಲೆಟ್ ಆವೃತ್ತಿಯಲ್ಲಿ, ಕೋರಿಕೆಯನ್ನು ಓದುವ ಮೊದಲೇ ಅಕ್ಷರ ಸಂಕೇತವನ್ನು ಗೊತ್ತುಪಡಿಸುವ ಉಪಾಯ ದೊರೆಯಿತು. ಎಲ್ಲ ಕೋರಿಕೆಗಳೂ ಹಾದುಹೋಗುವ ಜಾಗದಲ್ಲಿ 'ಯುಟಿಎಫ್-8' ಎಂದು ಸಾರುವ ಒಂದು ಸೋಸಣಿಗೆಯನ್ನು ಇಡುವುದು ಅಂದಿನಿಂದ ಕ್ರಮವಾಯಿತು. ಈ ಸೋಸಣಿಗೆ ಸಾಲಿನಲ್ಲಿ ಮೊದಲನೆಯದಾಗಿರಬೇಕು. ಬೇರೊಂದು ಘಟಕ ಮೊದಲೇ ಕೋರಿಕೆಯನ್ನು ಓದಿಬಿಟ್ಟರೆ ಆಮೇಲೆ ಏನು ಸಾರಿದರೂ ವ್ಯರ್ಥ.

ಪುಟದ ಮೇಲಿನ ಸೂಚನೆಗಳನ್ನು ಕನ್ನಡದಲ್ಲಿ ಕೊಡುವುದು ಇನ್ನೂ ವಿಚಿತ್ರವಾಗಿತ್ತು. ಅಂಥ ಸೂಚನೆಗಳನ್ನು ಬರೆದಿಡುವ ಕಡತಗಳು ಲ್ಯಾಟಿನ್ ಸಂಕೇತದಲ್ಲೇ ಇರಬೇಕೆಂಬ ನಿಯಮವಿತ್ತು. 'ಕ' ಎಂಬ ಒಂದೇ ಅಕ್ಷರವನ್ನು ಬರೆಯಲು ಓರೆಗೆರೆ, ಯು, ಸೊನ್ನೆ, ಸಿ, ಒಂಬತ್ತು, ಐದು ಎಂಬ ಆರು ಚಿಹ್ನೆಗಳು ಬೇಕಾಗಿದ್ದವು. ಕನ್ನಡದಲ್ಲಿ ಬರೆದುದನ್ನು ಹೀಗೆ ಮಾರ್ಪಡಿಸಲು ಒಂದು ಪ್ರತ್ಯೇಕ ಸಾಧನವೇ ಇತ್ತು. 2017ರಲ್ಲಿ ಬಂದ ಜಾವಾದ ಒಂಬತ್ತನೆಯ ಆವೃತ್ತಿಯಲ್ಲಿ ಈ ನಿರ್ಬಂಧ ಸಡಿಲಗೊಂಡಿತು. 2022ರ ಹದಿನೆಂಟನೆಯ ಆವೃತ್ತಿಯಲ್ಲಿ ಯುಟಿಎಫ್-8 ಸಹಜ ಸಂಕೇತವೆನಿಸಿತು. ಹುಟ್ಟಿದ 27 ವರ್ಷಗಳ ತರುವಾಯ ಭಾಷೆ ತನ್ನ ಬಾಗಿಲನ್ನು ಪೂರ್ತಿ ತೆರೆಯಿತೆನ್ನಬಹುದು.

ಇದೇ ಅವಧಿಯಲ್ಲಿ ಕನ್ನಡದ ಒಳಗೂ ಒಂದು ಇಬ್ಬಗೆಯಿತ್ತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು, ತದನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡ ಬರವಣಿಗೆಯನ್ನು ಸುಲಭಗೊಳಿಸಿತು. ಈ ಮೂವರ ಋಣ ಕನ್ನಡಿಗರ ಮೇಲೆ ದೊಡ್ಡದು. ಆದರೆ ಆರಂಭಕಾಲದ ಬರಹ, ನುಡಿಗಳ ಅಕ್ಷರಗಳು ಇಂಗ್ಲಿಷಿನ ಸ್ಥಾನಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಅಚ್ಚಿಗೆ ಅದು ಸಾಕಾಗಿತ್ತು. ಹುಡುಕುವುದಕ್ಕೆ, ಅಕಾರಾದಿಯಾಗಿ ಜೋಡಿಸುವುದಕ್ಕೆ ಸಾಲದು. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನೂ ಅದರೊಂದಿಗೆ ಒಂದು ಅಕ್ಷರಶೈಲಿಯನ್ನೂ ತಂದಿತು. ಆ ಅಕ್ಷರಶೈಲಿಯ ಹೆಸರು, ಶೃಂಗೇರಿ ಹರಿಹರಪುರಗಳನ್ನು ಬಳಸಿ ಹರಿಯುವ ನದಿಯ ಹೆಸರೇ: 'ತುಂಗಾ'. ಅಲ್ಲಿಗೆ ದಾರಿ ತೆರೆದರೂ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳ ರಾಶಿ ಹಾಗೆಯೇ ಉಳಿಯಿತು.

ಕೋಷ್ಟಕದ ಹೊರಗಿನ ನೆಲ

ಕರ್ನಾಟಕದಲ್ಲಿ ದಾಖಲೆಯ ಗಣಕೀಕರಣವೆಂದೊಡನೆ ನೆನಪಾಗುವುದು 'ಭೂಮಿ' ಯೋಜನೆ. ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದಿಂದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ಹಿಡುವಳಿದಾರರ ವಿವರಗಳು 2000ದ ಆಸುಪಾಸಿನ ವರ್ಷಗಳಲ್ಲಿ ಗಣಕಕ್ಕೆ ಸೇರಿದವು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ಪಡೆಯುವುದು ಸಾಧ್ಯವಾಯಿತು. ಕೈಬರಹದ ಪಹಣಿಯ ಮಾನ್ಯತೆ ನಿಂತಿತು. ಅದರ ಮೊದಲ ರೂಪ ಜಾವಾದಲ್ಲಿ ಇರಲಿಲ್ಲ, ವೆಬ್ ಕೂಡ ಆಗಿರಲಿಲ್ಲ. ಮೈಕ್ರೋಸಾಫ್ಟ್ ಸಾಧನಗಳಲ್ಲಿ ಕಟ್ಟಿದ, ತಾಲ್ಲೂಕಿಗೊಂದರಂತೆ ನಿಂತ ವ್ಯವಸ್ಥೆ ಅದು. 2006ರಲ್ಲಿ 'ನೆಮ್ಮದಿ' ಕೇಂದ್ರಗಳು, 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಹೋಬಳಿ ಮಟ್ಟಕ್ಕೆ ಸೇವೆಯನ್ನು ತಂದವು. ಕ್ರಮೇಣ ಪಹಣಿ ಅಂತರ್ಜಾಲಕ್ಕೂ ಬಂತು. ಜಾವಾದ ಮೇಲೆಯೇ ಬುಡದಿಂದ ಕಟ್ಟಿದ ಕರ್ನಾಟಕದ ಉದಾಹರಣೆ ಬೇಕಿದ್ದರೆ, 2003ರಲ್ಲಿ ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾಧಮುನಿ ಬೆಂಗಳೂರಿನಲ್ಲಿ ಆರಂಭಿಸಿದ ಇ-ಗವರ್ನಮೆಂಟ್ಸ್ ಫೌಂಡೇಶನ್ ಅನ್ನು ಹೆಸರಿಸಬೇಕು. ನಗರಾಡಳಿತದ ಆಸ್ತಿ ತೆರಿಗೆ ಮೊದಲಾದ ಕೆಲಸಗಳಿಗೆ ಅದು ಜಾವಾದಲ್ಲಿ ಕಟ್ಟಿದ ತಂತ್ರಾಂಶ ಮುಂದೆ ಮುಕ್ತ ಆಕರವಾಗಿ, ಸ್ಪ್ರಿಂಗ್ ಬೂಟ್ ಆಧಾರಿತ 'ಡಿಜಿಟ್' ಎಂಬ ವೇದಿಕೆಯಾಗಿ ಬೆಳೆದು ಹಲವು ರಾಜ್ಯಗಳಲ್ಲಿ ಬಳಕೆಗೆ ಬಂದಿದೆ.

ಯಾವ ಭಾಷೆಯಲ್ಲಿ ಕಟ್ಟಿದರು ಎನ್ನುವುದಕ್ಕಿಂತ ಯಾವ ಕೋಷ್ಟಕವನ್ನು ಒಳಗಿಟ್ಟುಕೊಂಡು ಕಟ್ಟಿದರು ಎನ್ನುವುದು ಮುಖ್ಯ. ಪಹಣಿಯ ಒಂಬತ್ತನೆಯ ಕಾಲಂ ಒಡೆಯನ ಹೆಸರಿಗೆ, ಹನ್ನೊಂದನೆಯದು ಇತರ ಹಕ್ಕು ಮತ್ತು ಋಣಗಳಿಗೆ ಮೀಸಲು. ಮಲೆನಾಡಿನ ನೆಲ ಇಷ್ಟು ಸರಳವಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಕೊಡುವ ಸೊಪ್ಪಿನಬೆಟ್ಟ ಇದೆ, ಕಾನು ಇದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣ ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಜಮ್ಮಾ ಮತ್ತು ಬಾಣೆಗಳ ಜೊತೆಗೆ ಹಳೆಯ ಮೈಸೂರು ಪ್ರದೇಶದ ಕಾನು, ಸೊಪ್ಪಿನಬೆಟ್ಟಗಳ ಸವಲತ್ತನ್ನು ಹೆಸರಿಸಿಯೇ ಉಳಿಸಿದೆ. ಇದು ಒಡೆತನವಲ್ಲ, ಬಳಸುವ ಸವಲತ್ತು. ನೆಲ ಸರಕಾರದ್ದು, ಸೊಪ್ಪು ತೋಟದ್ದು. ಒಡೆಯನ ಕಾಲಂನಲ್ಲಿ ಇದು ಕೂರುವುದಿಲ್ಲ. ಯಾವ ತೋಟಕ್ಕೆ ಯಾವ ಬೆಟ್ಟ ಎಂಬುದು ಸರ್ವೆ ನಂಬರಿಗಿಂತ ಹೆಚ್ಚಾಗಿ ಊರಿನವರ ನೆನಪಿನಲ್ಲಿ, ಕಾಲುದಾರಿ, ಹಳ್ಳ, ಮರಗಳ ಗುರುತಿನಲ್ಲಿ ಇರುವಂಥದು.

ತಂತ್ರಾಂಶದ ಭಾಷೆಯಲ್ಲಿ ಹೇಳುವುದಾದರೆ ಇದು ಎರಡು ಸರ್ವೆ ನಂಬರುಗಳ ನಡುವಿನ ಸಂಬಂಧ. ಒಂದು ಕೋಷ್ಟಕದ ಸಾಲಿನಲ್ಲಿ ಇನ್ನೊಂದು ಹೆಸರನ್ನು ತುಂಬಿದರೆ ಸಾಲದು, ಸಂಬಂಧಕ್ಕೇ ಒಂದು ಪ್ರತ್ಯೇಕ ಕೋಷ್ಟಕ ಬೇಕು. ಜಾವಾದಲ್ಲಿ 'ಹಿಡುವಳಿ' ಎಂಬ ಘಟಕದಂತೆ 'ಸವಲತ್ತು' ಎಂಬ ಘಟಕವನ್ನೂ ಬರೆಯಬೇಕು. ಬರೆಯುವುದು ಕಷ್ಟವಲ್ಲ, ಹೈಬರ್ನೇಟ್‌ನಂಥ ಸಾಧನಗಳಿರುವುದೇ ಇದಕ್ಕಾಗಿ. ಆದರೆ ಕಾಗದದ ನಮೂನೆಯಲ್ಲಿ ಇಲ್ಲದ್ದನ್ನು ತಂತ್ರಾಂಶದಲ್ಲಿ ಸೇರಿಸುವ ಅಧಿಕಾರ ಸಂಕೇತ ಬರೆಯುವವನಿಗೆ ಇಲ್ಲ. ಹೀಗಾಗಿ ಹಳೆಯ ನಮೂನೆಯ ಗುಂಡಿಗಳಲ್ಲೇ ಹೊಸ ಕಂಬಗಳು ನಿಲ್ಲುತ್ತವೆ. ಅರಣ್ಯ ಮತ್ತು ಕಂದಾಯ ಇಲಾಖೆಗಳ ಗಡಿ ತಕರಾರು ಹಳೆಯದಾಗಿರುವ ಸೀಮೆಯಲ್ಲಿ, ಕಾಣುವ ದಾಖಲೆಯೇ ಸತ್ಯವೆಂದು ಅಧಿಕಾರಿಯೂ ಬ್ಯಾಂಕೂ ಭಾವಿಸುವ ದಿನಗಳಲ್ಲಿ, ಕೋಷ್ಟಕದಲ್ಲಿ ಕಾಣದ ಸವಲತ್ತು ಇಲ್ಲದ ಸವಲತ್ತೇ ಆಗಿಬಿಡುವ ಅಪಾಯವಿದೆ.

ಊರಿನ ಹೆಸರಿನ ತೊಡಕು ಸಣ್ಣದಾದರೂ ಹೇಳಬೇಕಾದದ್ದು. ರೋಮನ್ ಲಿಪಿಯಲ್ಲಿ ಬರೆದ ಮೇಗುಂದ ಯಂತ್ರದ ಲಿಪ್ಯಂತರದಲ್ಲಿ ಮರಳಿ ಕನ್ನಡಕ್ಕೆ ಬರುವಾಗ 'ಮೆಗುಂಡ' ಆಗಬಹುದು. ಹ್ರಸ್ವ ದೀರ್ಘಗಳ ಭೇದವೂ ದಕಾರ ಡಕಾರಗಳ ಭೇದವೂ ಆ ಲಿಪಿಯಲ್ಲಿ ಇಲ್ಲ. ಕೊಪ್ಪ ಎಂಬ ಹೆಸರಿನ ಊರುಗಳು ಕರ್ನಾಟಕದಲ್ಲಿ ಒಂದಕ್ಕಿಂತ ಹೆಚ್ಚಿವೆ. ಆದ್ದರಿಂದ ದತ್ತಸಂಚಯದಲ್ಲಿ ಊರಿನ ಹೆಸರನ್ನೇ ಗುರುತಾಗಿ ಇಡದೆ ಸಂಖ್ಯೆಯೊಂದನ್ನು ಕೊಟ್ಟು, ಕನ್ನಡದ ರೂಪ, ಹಳೆಯ ಹೆಸರು, ಆಡುರೂಪಗಳನ್ನು ಅದರ ಕೆಳಗೆ ಸಾಲುಸಾಲಾಗಿ ಇಡುವುದು ಸರಿಯಾದ ಕ್ರಮ.

ಹಾಡಿದವರು ಯಾರು

ಜಾನಪದ ಸಂಶೋಧಕರು ತಮಗರಿವಿಲ್ಲದೆ ದಿನನಿತ್ಯ ಬಳಸುವ ಜಾವಾ ವೆಬ್ ತಂತ್ರಾಂಶ 'ಡಿಸ್ಪೇಸ್'. ಅಮೆರಿಕದ ಎಂಐಟಿ ಗ್ರಂಥಾಲಯ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಕೂಡಿ 2002ರಲ್ಲಿ ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶ ವಿದ್ವತ್ ಬರಹಗಳ ಭಂಡಾರಗಳಿಗೆ ಚೌಕಟ್ಟು. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ದಾಖಲಾತಿ ಸಂಶೋಧನ ಮತ್ತು ತರಬೇತಿ ಕೇಂದ್ರ ಇದನ್ನು ಭಾರತದಲ್ಲಿ ಮೊದಮೊದಲಿಗೆ ಅಳವಡಿಸಿಕೊಂಡ ಸಂಸ್ಥೆಗಳಲ್ಲಿ ಸೇರಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ಶೋಧಗಂಗಾ' ಡಿಸ್ಪೇಸ್ ಮೇಲೆಯೇ ನಿಂತಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯ ಬಳಿಕ ನಮ್ಮ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಅಲ್ಲಿ ಸೇರತೊಡಗಿದವು. ಕನ್ನಡದ ಪ್ರಬಂಧಗಳಲ್ಲಿ ಅನೇಕವು ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದವು, ಇಲ್ಲವೇ ಪುಟಗಳ ಚಿತ್ರಗಳು. ಕಣ್ಣಿಗೆ ಕನ್ನಡವಾಗಿ ಕಾಣುವ ಪುಟದ ಹಿಂದೆ ಯಂತ್ರಕ್ಕೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಒಂದು ಪ್ರಬಂಧದ ಅನುಬಂಧದಲ್ಲಿ ಅಚ್ಚಾದ ಹಾಡನ್ನು ಇನ್ನೊಬ್ಬ ಸಂಶೋಧಕ ಪದ ಕೊಟ್ಟು ಹುಡುಕಿ ಪಡೆಯಲಾರ. ಭಂಡಾರವಿದೆ, ಕೀಲಿಕೈ ಇಲ್ಲ.

ಅದಕ್ಕಿಂತ ಆಳವಾದ ತೊಡಕು ವಿವರಗಳ ನಮೂನೆಯಲ್ಲಿದೆ. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಎಂಬಲ್ಲಿ ನಡೆದ ಸಭೆಯಿಂದ ರೂಪುಗೊಂಡ 'ಡಬ್ಲಿನ್ ಕೋರ್' ಎಂಬ 15 ಅಂಶಗಳ ಪಟ್ಟಿ ಡಿಸ್ಪೇಸ್‌ನ ಆಧಾರ. ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ ಹೀಗೆ ಅದು ಸಾಗುತ್ತದೆ. ಗ್ರಂಥಕ್ಕೆ ಇದು ಸೊಗಸಾಗಿ ಹೊಂದುತ್ತದೆ. ದೀಪಾವಳಿಯ ರಾತ್ರಿಗಳಲ್ಲಿ ಜ್ಯೋತಿ ಹಿಡಿದು ಮನೆಯಿಂದ ಮನೆಗೆ ನಡೆಯುತ್ತ ಮಲೆನಾಡಿನ ಹಾಡುಗಾರರು ಹಾಡುವ ಅಂಟಿಗೆ-ಪಂಟಿಗೆಯ ಹಾಡಿಗೆ ಹೊಂದುವುದಿಲ್ಲ. ಶೀರ್ಷಿಕೆ ಯಾವುದು? ಹಾಡುಗಾರರು ಅದಕ್ಕೆ ಹೆಸರಿಟ್ಟಿರುವುದಿಲ್ಲ, ಸಂಗ್ರಾಹಕ ಇಟ್ಟಿರುತ್ತಾನೆ. ಪ್ರಕಾರದ ಹೆಸರೇ ಅಂಟಿಗೆ-ಪಂಟಿಗೆ, ಅಂಟಿಕೆ-ಪಂಟಿಕೆ ಎಂದು ಊರಿಂದೂರಿಗೆ ಬದಲಾಗುತ್ತದೆ. ಕರ್ತೃ ಯಾರು? ಆ ಕೋಶದಲ್ಲಿ ಹೆಚ್ಚಿನ ವೇಳೆ ಸಂಗ್ರಾಹಕನ ಹೆಸರು ಬರುತ್ತದೆ. ಮುಂದೊಂದು ದಿನ ಹುಡುಕುವವನಿಗೆ ಸಂಗ್ರಾಹಕನೇ ಕವಿಯಾಗಿ ಕಾಣುತ್ತಾನೆ. ಹಾಡಿದವರು 'ಸಹಾಯಕರು' ಎಂಬ ಕೋಶಕ್ಕೆ ಇಳಿಯುತ್ತಾರೆ, ಇಲ್ಲವೇ ಯಾವ ಕೋಶಕ್ಕೂ ಬರುವುದಿಲ್ಲ. ಹಿಂದೆ ಅಚ್ಚಿನ ಸಂಕಲನಗಳು ಮಾಡಿದ ಅನ್ಯಾಯವನ್ನು ಹೀಗೆ ಚೌಕಟ್ಟು ಮೌನವಾಗಿ ಮುಂದುವರಿಸುತ್ತದೆ.

ಡಿಸ್ಪೇಸ್ ಇದನ್ನು ಕಡ್ಡಾಯ ಮಾಡಿಲ್ಲ ಎಂಬುದು ಗಮನಾರ್ಹ. ಡಬ್ಲಿನ್ ಕೋರ್ ಪಕ್ಕದಲ್ಲಿ ಸ್ವಂತದ ಇನ್ನೊಂದು ನಾಮಾವಳಿಯನ್ನು ನೋಂದಾಯಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. 2021ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಒಳಗಿನ ಯಂತ್ರಭಾಗ ಸ್ಪ್ರಿಂಗ್ ಬೂಟ್ ಮೇಲೆ ನಿಂತು, ಹೊರಗಿನ ಪುಟಗಳು ಸಂಪೂರ್ಣ ಪ್ರತ್ಯೇಕಗೊಂಡಿವೆ. ತಾಳಮದ್ದಳೆಯ ಹೋಲಿಕೆ ಇಲ್ಲಿ ಅಕ್ಷರಶಃ ನಿಜವಾಗಿದೆ. ಮಲೆನಾಡಿನ ಜಾನಪದ ಭಂಡಾರವೊಂದನ್ನು ಇದರ ಮೇಲೆ ನಿಲ್ಲಿಸುವವರು ಮೊದಲ ದಿನವೇ ಕೆಲವು ಕೋಶಗಳನ್ನು ತೆರೆಯಬೇಕು. ಹಾಡಿದವರು, ಅವರು ಕಲಿತದ್ದು ಯಾರಿಂದ, ದನಿಗೂಡಿಸಿದವರು, ಹಾಡಿದ ಸಂದರ್ಭ, ಸಂಗ್ರಾಹಕ ಕೇಳಿದ್ದಕ್ಕೆ ಹಾಡಿದ್ದೋ ಹಬ್ಬದಲ್ಲಿ ತಾನಾಗಿ ಹಾಡಿದ್ದೋ, ಊರಿನ ಎಲ್ಲ ರೂಪದ ಹೆಸರುಗಳು, ಹೊರಗಿನವರಿಗೆ ಕೇಳಿಸಲು ಹಾಡಿದವರ ಒಪ್ಪಿಗೆ ಇದೆಯೇ ಎಂಬುದು. ಇದೆಲ್ಲಕ್ಕೆ ಜಾವಾದ ಒಂದು ಸಾಲನ್ನೂ ಹೊಸದಾಗಿ ಬರೆಯಬೇಕಾಗಿಲ್ಲ. ನೋಂದಣಿಯಲ್ಲಿ ಹೆಸರುಗಳನ್ನು ಸೇರಿಸಿ, ಸಲ್ಲಿಕೆಯ ನಮೂನೆಯನ್ನು ವಿವರಿಸುವ ಎಕ್ಸ್‌ಎಮ್‌ಎಲ್ ಕಡತದಲ್ಲಿ ಅವುಗಳ ಕ್ರಮವನ್ನು ಬರೆದು, ಹುಡುಕುವ ಸೂಚಿಗೆ ತಿಳಿಸಿದರೆ ಆಯಿತು. 'ಹಾಡಿದವರು' ಎಂಬ ಕೋಶವನ್ನು ಕಡ್ಡಾಯವೆಂದು ಗುರುತಿಸಿದರೆ, ಅದನ್ನು ಖಾಲಿ ಬಿಟ್ಟ ಹಾಡನ್ನು ಭಂಡಾರ ಸ್ವೀಕರಿಸುವುದೇ ಇಲ್ಲ.